ನಿಮ್ಮ ದಿನಚರಿಗೆ ತಕ್ಕಂತೆ ಬೀರು ಜೋಡಿಸಿಕೊಳ್ಳುವುದು ಹೇಗೆ?

ತುಮಕೂರಿನ ನಮ್ಮ ಮನೆಯಲ್ಲಿ ಬೆಳಗಿನ ಆರರಿಂದ ಎಂಟರೊಳಗೆ ಬೀರಿನ ಬಾಗಿಲು ಮೂರು ಸಲ ತೆರೆದುಕೊಳ್ಳುತ್ತದೆ. ಬೆಂಗಳೂರಿನ ರೈಲು ಹಿಡಿಯಬೇಕಾದ ಯಜಮಾನರಿಗೆ ಒಮ್ಮೆ, ಕಾಲೇಜಿಗೆ ಹೊರಡುವ ಮಗಳಿಗೆ ಒಮ್ಮೆ, ಗುಬ್ಬಿ ಕಡೆಯ ಬಸ್ಸು ಹತ್ತಿ ಶಾಲೆಗೆ ಹೋಗಬೇಕಾದ ನನಗೆ ಒಮ್ಮೆ. ಕೆಲವು ವರ್ಷಗಳ ಹಿಂದಿನವರೆಗೂ ಆ ಎರಡು ಗಂಟೆಗಳು ನಮ್ಮ ಮನೆಯ ಅತಿ ಕಷ್ಟದ ಹೊತ್ತಾಗಿದ್ದವು. ಬೀರಿನ ತುಂಬ ಬಟ್ಟೆ ಇದ್ದರೂ ಉಡುವುದಕ್ಕೆ ಒಂದೂ ಸಿಗುತ್ತಿರಲಿಲ್ಲ; ಸೀರೆ ಸಿಕ್ಕಿದರೆ ರವಿಕೆ ಸಿಗುತ್ತಿರಲಿಲ್ಲ, ರವಿಕೆ ಸಿಕ್ಕಿದರೆ ಅದರ ಕೊಕ್ಕೆ ಕಿತ್ತುಹೋಗಿರುತ್ತಿತ್ತು. ಒಂದು ರಜಾ ದಿನ ಕುಳಿತು ಎಣಿಸಿದಾಗ ನನ್ನ ಬಳಿ 41 ಸೀರೆಗಳಿದ್ದವು. ಅವುಗಳಲ್ಲಿ ಶಾಲೆಗೆ ಉಟ್ಟುಕೊಂಡು ಹೋಗಬಹುದಾದವು ಒಂಬತ್ತೇ ಒಂಬತ್ತು. ಉಳಿದವೆಲ್ಲ ಮದುವೆ, ಗೃಹಪ್ರವೇಶ, ನಾಮಕರಣಗಳಿಗೆಂದು ಬಂದು ಸೇರಿದ್ದವು, ಮತ್ತು ಕೈಗೆ ಎಟುಕುವ ಒಳ್ಳೆಯ ಜಾಗವನ್ನೆಲ್ಲ ಅವೇ ಹಿಡಿದಿದ್ದವು. ವರ್ಷಕ್ಕೆ ಹದಿನೈದು ದಿನ ಹೋಗುವ ಸಮಾರಂಭಗಳಿಗಾಗಿ ಜೋಡಿಸಿದ ಬೀರಿನಿಂದ ಉಳಿದ ಮುನ್ನೂರೈವತ್ತು ದಿನಗಳ ಬಟ್ಟೆಯನ್ನು ಹುಡುಕಿ ತೆಗೆಯುತ್ತಿದ್ದೆ. ಅಂದಿನಿಂದ ನಾನು ಅನುಸರಿಸಿಕೊಂಡು ಬಂದಿರುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಮೊದಲು ದಿನಗಳ ಲೆಕ್ಕ, ಆಮೇಲೆ ಬಟ್ಟೆಯ ಲೆಕ್ಕ

ಬೀರಿಗೆ ಕೈ ಹಚ್ಚುವ ಮುನ್ನ ಒಂದು ಹಾಳೆ ತೆಗೆದುಕೊಂಡು, ಕಳೆದ ಎರಡು ವಾರ ನೀವು ಎಲ್ಲೆಲ್ಲಿಗೆ ಹೋದಿರಿ, ಅಲ್ಲಿ ಏನು ಧರಿಸಿದ್ದಿರಿ ಎಂಬುದನ್ನು ದಿನವಾರಾಗಿ ಬರೆದುಕೊಳ್ಳಿ. ಕಚೇರಿ ಎಷ್ಟು ದಿನ, ಮನೆಯಲ್ಲೇ ಇದ್ದದ್ದು ಎಷ್ಟು ದಿನ, ದೇವಸ್ಥಾನ ಎಷ್ಟು ಸಲ, ಸಂಜೆಯ ನಡಿಗೆ ಎಷ್ಟು ದಿನ, ತೋಟಕ್ಕೋ ಊರಿಗೋ ಹೋದದ್ದು ಎಷ್ಟು ದಿನ ಎಂಬ ಪಟ್ಟಿ ಸಿದ್ಧವಾದ ಮೇಲೆ ನಿಮ್ಮ ಬದುಕಿನ ಆಕಾರ ನಿಮಗೇ ಕಾಣಿಸುತ್ತದೆ. ತಿಪಟೂರಿನ ಕಡೆ ತೆಂಗಿನ ತೋಟ ನೋಡಿಕೊಳ್ಳುವ ನನ್ನ ಓರಗಿತ್ತಿಯ ಪಟ್ಟಿಯಲ್ಲಿ ಹದಿನಾಲ್ಕು ದಿನಗಳ ಪೈಕಿ ಹತ್ತು ದಿನ ತೋಟ ಮತ್ತು ಮನೆ ಮಾತ್ರ ಇದ್ದವು. ಆದರೆ ಅವಳ ಬೀರಿನಲ್ಲಿ ತೋಟಕ್ಕೆ ಹಾಕಿಕೊಳ್ಳಲು ಯೋಗ್ಯವಾದ, ತೋಳು ಮುಚ್ಚುವ, ಗಟ್ಟಿಯಾದ ಬಟ್ಟೆ ಎರಡೇ ಜೊತೆ ಇದ್ದದ್ದು. ಅವಳಿಗೆ ಆ ವರ್ಷ ಬೇಕಾಗಿದ್ದದ್ದು ಇನ್ನೊಂದು ರೇಷ್ಮೆ ಸೀರೆಯಲ್ಲ, ನಾಲ್ಕು ಒಳ್ಳೆಯ ಹತ್ತಿ ಅಂಗಿಗಳು.

ಎಷ್ಟು ಜೊತೆ ಬೇಕು ಎಂಬುದನ್ನು ಒಗೆಯುವ ಸರದಿಯಿಂದ ಲೆಕ್ಕ ಹಾಕಬೇಕು. ನಿಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲ ಬಟ್ಟೆ ಒಗೆಯುತ್ತೀರಿ ಎಂದಿಟ್ಟುಕೊಳ್ಳೋಣ. ಎರಡು ಒಗೆತಗಳ ನಡುವೆ ಹೆಚ್ಚೆಂದರೆ ನಾಲ್ಕು ದಿನ, ಒಗೆದದ್ದು ಒಣಗಿ ಇಸ್ತ್ರಿಯಾಗಿ ಬೀರಿಗೆ ಮರಳಲು ಎರಡು ದಿನ, ಒಟ್ಟು ಆರು. ನಮ್ಮ ಕಡೆ ಮಳೆ ಜೋರಾಗುವ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬಟ್ಟೆ ಒಣಗುವುದು ತಡವಾಗುವುದರಿಂದ ಇನ್ನೆರಡು ಸೇರಿಸಿದರೆ ಎಂಟು. ಅಂದರೆ ದಿನಬಳಕೆಗೆ ಎಂಟು ಜೊತೆ ಇದ್ದರೆ ಯಾವ ಬೆಳಗೂ ಪೇಚಿಗೆ ಸಿಲುಕಬೇಕಾಗುವುದಿಲ್ಲ. ಮನಸ್ಸಿಗೆ ಬದಲಾವಣೆ ಬೇಕೆನ್ನಿಸಿದರೆ ಹನ್ನೆರಡಕ್ಕೆ ಏರಿಸಿಕೊಳ್ಳಿ. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚಾದವು ಬೀರಿನ ಹಿಂದಿನ ಸಾಲಿಗೆ ಸರಿದು ಮರೆತುಹೋಗುತ್ತವೆ.

ಒಂದೊಂದೇ ಖಾನೆ ಖಾಲಿ ಮಾಡಿ

ಇಡೀ ಬೀರನ್ನು ಒಂದೇ ಸಲ ಮಂಚದ ಮೇಲೆ ಸುರಿಯಬೇಕೆಂದು ಹಲವರು ಸಲಹೆ ಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಮಧ್ಯೆ ನೆಂಟರು ಬಂದರೆ, ಕರೆಂಟು ಹೋದರೆ, ಮಗುವಿಗೆ ಜ್ವರ ಬಂದರೆ ಆ ರಾಶಿಯೆಲ್ಲ ಮತ್ತೆ ಹೇಗಿತ್ತೋ ಹಾಗೆ ಒಳಗೆ ಹೋಗುತ್ತದೆ. ಒಂದು ದಿನಕ್ಕೆ ಒಂದು ಖಾನೆ ಸಾಕು. ಖಾನೆಯಲ್ಲಿರುವುದನ್ನೆಲ್ಲ ತೆಗೆದು, ತಗಡನ್ನು ಮೊದಲು ಒಣಬಟ್ಟೆಯಿಂದಲೂ ಆಮೇಲೆ ಒದ್ದೆಬಟ್ಟೆಯಿಂದಲೂ ಒರೆಸಿ, ಬಾಗಿಲು ತೆರೆದೇ ಬಿಟ್ಟು ಪೂರ್ತಿ ಒಣಗಲು ಬಿಡಿ. ಮೂಲೆಗಳಲ್ಲಿ ತುಕ್ಕು ಕಂಡರೆ ಈಗಲೇ ಉಜ್ಜಿ ಬಣ್ಣ ಬಳಿಸಿ, ಯಾಕೆಂದರೆ ತುಕ್ಕಿನ ಕಲೆ ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ.

ತೆಗೆದ ಬಟ್ಟೆಗಳನ್ನು ಚಾಪೆಯ ಮೇಲೆ ನಾಲ್ಕು ಗುಂಪು ಮಾಡಿ: ಈ ತಿಂಗಳು ಧರಿಸಿದವು, ಈ ವರ್ಷ ಒಂದು ಸಲವಾದರೂ ಧರಿಸಿದವು, ದುರಸ್ತಿಯಾದರೆ ಧರಿಸಬಹುದಾದವು, ಮನೆಯಿಂದ ಹೊರಡಬೇಕಾದವು. ಮೂರನೆಯ ಗುಂಪಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಫಾಲ್ಸ್ ಬಿಚ್ಚಿದ ಸೀರೆ, ಜಿಪ್ ಕೆಟ್ಟ ಪ್ಯಾಂಟು, ಬಿಗಿಯಾದ ರವಿಕೆ ಇವುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಬಾಗಿಲ ಪಕ್ಕದಲ್ಲೇ ಇಟ್ಟು, ಹದಿನೈದು ದಿನದೊಳಗೆ ದರ್ಜಿಯ ಬಳಿಗೆ ತಲುಪಿಸಿ. ತಲುಪದಿದ್ದರೆ ಅವುಗಳ ಅಗತ್ಯ ನಿಮಗಿಲ್ಲವೆಂದೇ ಅರ್ಥ.

ನಮ್ಮ ಮನೆಗಳಿಗೇ ವಿಶೇಷವಾದ ಐದನೆಯ ಗುಂಪೊಂದಿದೆ. ಅದು ರವಿಕೆ ಕಣಗಳದ್ದು. ಗೌರಿ ಹಬ್ಬದ ಬಾಗಿನದಲ್ಲಿ, ಮಡಿಲು ತುಂಬಿದಾಗ, ಅರಿಶಿನ ಕುಂಕುಮಕ್ಕೆ ಕರೆದಾಗ ಬಂದ ಕಣಗಳು ವರ್ಷಕ್ಕೆ ಹತ್ತಿಪ್ಪತ್ತಾದರೂ ಸೇರಿಕೊಳ್ಳುತ್ತವೆ, ಮತ್ತು ಯಾರ ಮನೆಯಿಂದ ಬಂದದ್ದು ಯಾರ ಮನೆಗೆ ಹೋಯಿತು ಎಂಬ ಮುಜುಗರವೂ ಅವುಗಳ ಜೊತೆಯಲ್ಲೇ ಇರುತ್ತದೆ. ಬಂದ ದಿನವೇ ಮೂಲೆಯಲ್ಲಿ ಸಣ್ಣ ಚೀಟಿ ಸಿಕ್ಕಿಸಿ ಯಾರು ಕೊಟ್ಟದ್ದೆಂದು ಬರೆದಿಡಿ. ಹೊಲಿಸಿಕೊಳ್ಳಲು ಯೋಗ್ಯವಾದ ಹತ್ತಿಯ ಕಣಗಳನ್ನು ಬೇರ್ಪಡಿಸಿ, ಉಳಿದವನ್ನು ಒಂದು ಡಬ್ಬದಲ್ಲಿ ಹಾಕಿ ಪೂಜಾ ಸಾಮಾನಿನ ಹತ್ತಿರ ಇಟ್ಟರೆ ಬೀರಿನ ಅರ್ಧ ಖಾನೆ ಬಿಡುವಾಗುತ್ತದೆ. ನನಗೆ ಹಾಗೇ ಆಯಿತು.

ಹೊರಡಬೇಕಾದ ಬಟ್ಟೆಗಳಲ್ಲಿ ಗಟ್ಟಿಯಾಗಿರುವುದನ್ನು ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಕೊಡಿ. ತೆಗೆದುಕೊಳ್ಳುವವರ ಮರ್ಯಾದೆಯೂ ನಮ್ಮದೇ. ತೀರಾ ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಮಾತ್ರ ಎಸೆಯಬೇಡಿ, ಸ್ಟೀಲ್ ಪಾತ್ರೆಯವರಿಗೂ ಕೊಟ್ಟುಬಿಡಬೇಡಿ. ಅವು ಮುಂದೆ ರೇಷ್ಮೆ ಸುತ್ತಿಡುವುದಕ್ಕೆ ಬೇಕಾಗುತ್ತವೆ.

ಕಣ್ಣಿನಿಂದ ಸೊಂಟದವರೆಗಿನ ಜಾಗ

ಮನೆಗಳಲ್ಲಿರುವ ಸಾಧಾರಣ ಸ್ಟೀಲ್ ಬೀರು ಆರೂವರೆ ಅಡಿ ಎತ್ತರವಿರುತ್ತದೆ. ಅದರಲ್ಲಿ ಕಣ್ಣಿನ ಮಟ್ಟದಿಂದ ಸೊಂಟದ ಮಟ್ಟದವರೆಗಿನ ಎರಡು ಖಾನೆಗಳೇ ನಿಜವಾಗಿ ಬೆಲೆಯುಳ್ಳ ಜಾಗ. ಬಗ್ಗದೆ, ಸ್ಟೂಲ್ ಹತ್ತದೆ ಕೈ ತಲುಪುವುದು ಅಲ್ಲಿಗೆ ಮಾತ್ರ. ಆ ಜಾಗವನ್ನು ನಿಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ದಿನ ಬಂದಿರುವ ಬಟ್ಟೆಗಳಿಗೆ ಕೊಡಿ. ಹಬ್ಬ ಹರಿದಿನದ್ದು ಮೇಲಕ್ಕೆ, ಸ್ವೆಟರ್ ಮತ್ತು ಶಾಲು ಮೇಲಿನ ಕೊನೆಯ ಖಾನೆಗೆ, ಭಾರದ ಹೊದಿಕೆಗಳು ಕೆಳಕ್ಕೆ ಹೋಗಲಿ. ನಮ್ಮ ಊರಿನಲ್ಲಿ ಸ್ವೆಟರ್ ಬೇಕಾಗುವುದು ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಮಾತ್ರ. ಆರು ಗಂಟೆಯ ರೈಲಿಗೆ ನಿಲ್ದಾಣದಲ್ಲಿ ನಿಲ್ಲುವವರನ್ನು ಬಿಟ್ಟರೆ ಉಳಿದವರಿಗೆ ಒಂದೇ ಒಂದು ಸಾಕಾಗುತ್ತದೆ.

ನೇತುಹಾಕುವುದು ಯಾವುದು, ಮಡಿಸುವುದು ಯಾವುದು ಎಂಬ ಗೊಂದಲ ಬೇಡ. ಇಸ್ತ್ರಿಯಾದ ಹತ್ತಿ ಸೀರೆ, ಅಂಗಿ, ಕುರ್ತಾ, ಪ್ಯಾಂಟು ಹ್ಯಾಂಗರಿನಲ್ಲಿರಲಿ. ಹೆಣೆದ ಬಟ್ಟೆಗಳು, ಅಂದರೆ ಸ್ವೆಟರ್, ಟೀ ಶರ್ಟ್, ಲೆಗ್ಗಿಂಗ್ಸ್ ಮುಂತಾದವು ತಮ್ಮ ಭಾರಕ್ಕೆ ತಾವೇ ಜೋತು ಆಕಾರ ಕಳೆದುಕೊಳ್ಳುವುದರಿಂದ ಅವನ್ನು ಮಡಿಸಿಯೇ ಇಡಬೇಕು. ಮಡಿಸಿದ್ದನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿ ಸಾಲಾಗಿ ಜೋಡಿಸಿದರೆ ಕೆಳಗಿನದನ್ನು ಎಳೆಯಲು ಹೋಗಿ ಮೇಲಿನದೆಲ್ಲ ಬೀಳುವ ತೊಂದರೆ ತಪ್ಪುತ್ತದೆ. ನಿಂತ ಬಟ್ಟೆಗಳು ಜಾರದಿರಲು ಬೂಟಿನ ಖಾಲಿ ಪೆಟ್ಟಿಗೆಗಳು ಸಾಕು, ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ.

ಸೀರೆಗೆ ಅದರ ರವಿಕೆ ಮತ್ತು ಲಂಗವನ್ನು ಜೊತೆ ಮಾಡಿಯೇ ಇಡಿ. ಹ್ಯಾಂಗರಿನ ಕೆಳಗಡ್ಡಿಗೆ ಸೀರೆ, ಅದೇ ಹ್ಯಾಂಗರಿನ ಭುಜಕ್ಕೆ ರವಿಕೆ. ಈ ಒಂದು ಬದಲಾವಣೆಯಿಂದಲೇ ನನ್ನ ಬೆಳಗಿನ ಹತ್ತು ನಿಮಿಷ ಉಳಿಯಿತು. ಚೂಡಿದಾರಕ್ಕೂ ಇದೇ ಕ್ರಮ, ಟಾಪು, ಪ್ಯಾಂಟು, ವೇಲು ಮೂರೂ ಒಂದೇ ಹ್ಯಾಂಗರಿನಲ್ಲಿರಲಿ. ಹಾಗೆಯೇ ಮೊದಲ ದಿನ ಎಲ್ಲ ಹ್ಯಾಂಗರುಗಳ ಕೊಕ್ಕೆಯನ್ನೂ ಒಂದೇ ದಿಕ್ಕಿಗೆ ತಿರುಗಿಸಿಟ್ಟು, ಧರಿಸಿ ಒಗೆದು ಮರಳಿ ಇಡುವಾಗ ಕೊಕ್ಕೆಯನ್ನು ಎದುರು ದಿಕ್ಕಿಗೆ ಸಿಕ್ಕಿಸಿ. ಯುಗಾದಿಯಿಂದ ದಸರಾವರೆಗೂ ಕೊಕ್ಕೆ ತಿರುಗದ ಬಟ್ಟೆ ಯಾವುದೆಂದು ನೋಡಿದರೆ, ಮುಂದಿನ ಸಲ ಅಂಗಡಿಯಲ್ಲಿ ಅಂಥದ್ದೇ ಬಟ್ಟೆ ಕೈಗೆತ್ತಿಕೊಳ್ಳುವಾಗ ನೆನಪಾಗುತ್ತದೆ.

ರೇಷ್ಮೆಯನ್ನು ಇಡುವ ರೀತಿ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ನಾನು ಕಳೆದುಕೊಂಡದ್ದು ಇಲ್ಲಿಯೇ. ಅಮ್ಮ ತನ್ನ ಧಾರೆಗೆ ಉಟ್ಟಿದ್ದ ನೇರಳೆ ಬಣ್ಣದ ರೇಷ್ಮೆ ಸೀರೆಯನ್ನು ನನಗೆ ಕೊಟ್ಟಾಗ, ಜೋಪಾನ ಮಾಡಬೇಕೆಂಬ ಆಸೆಯಿಂದಲೇ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಮಡಿಕೆಗಳ ನಡುವೆ ನುಸಿ ಗುಳಿಗೆ ಇಟ್ಟು, ಬೀರಿನ ಒಳಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದೆ. ಏಳು ವರ್ಷ ಅದನ್ನು ತೆಗೆಯಲಿಲ್ಲ. ತಮ್ಮನ ಗೃಹಪ್ರವೇಶದ ಬೆಳಿಗ್ಗೆ ನಾಲ್ಕು ಗಂಟೆಗೆ ಬಿಚ್ಚಿ ನೋಡಿದರೆ ಸೆರಗಿನ ಜರಿ ಅಲ್ಲಲ್ಲಿ ಕಪ್ಪಿಟ್ಟಿತ್ತು. ಪರವಾಗಿಲ್ಲವೆಂದು ಉಡಲು ತೊಡಗಿದೆ. ನೆರಿಗೆ ಹಿಡಿದು ಪಿನ್ ಹಾಕುವಾಗ ಸರ್ರೆಂದು ಸಣ್ಣ ಶಬ್ದವಾಯಿತು. ಏಳು ವರ್ಷ ಕದಲದೆ ಇದ್ದ ಮಡಿಕೆಯ ಗೆರೆಯುದ್ದಕ್ಕೂ, ಬ್ಲೇಡಿನಿಂದ ಕುಯ್ದಂತೆ, ಗೇಣುದ್ದ ಸೀರೆ ಬಿಟ್ಟುಕೊಂಡಿತ್ತು. ಬೆರಳಿನಿಂದ ಮುಟ್ಟಿದರೆ ಆ ಗೆರೆಯ ಅಂಚಿನ ಎಳೆಗಳು ಪುಡಿಪುಡಿಯಾಗಿ ಉದುರಿದವು. ಅಮ್ಮ ಏನೂ ಅನ್ನಲಿಲ್ಲ.

ಆಗ ಮಾಡಿದ್ದ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತೇನೆ. ಪ್ಲಾಸ್ಟಿಕ್ ಕವರು ತೇವವನ್ನು ಒಳಗೇ ಹಿಡಿದಿಡುತ್ತದೆ. ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿಯ ತಂತಿ, ಅದರ ಮೇಲೆ ಚಿನ್ನದ ತೆಳು ಲೇಪ. ಬೆಳ್ಳಿ ಗಾಳಿಯಲ್ಲಿರುವ ಗಂಧಕದ ಅಂಶದೊಡನೆ ಸೇರಿ ಕಪ್ಪಾಗುತ್ತದೆ, ತೇವವಿದ್ದರೆ ಇನ್ನೂ ಬೇಗ. ಆದ್ದರಿಂದ ರೇಷ್ಮೆಯನ್ನು ಗಾಳಿಯಾಡುವ ಬಟ್ಟೆಯಲ್ಲಿ ಸುತ್ತಬೇಕು. ಹಲವು ಸಲ ಒಗೆದು ಮೆತ್ತಗಾದ ಬಿಳಿ ಹತ್ತಿ ಪಂಚೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಹೊಸ ಮಲ್‌ಬಟ್ಟೆ ತಂದರೆ ಅದರ ಗಂಜಿ ಹೋಗುವವರೆಗೆ ಒಗೆದು ಬಳಸಿ. ಬಣ್ಣದ ಬಟ್ಟೆ ಬೇಡ, ದಿನಪತ್ರಿಕೆಯ ಹಾಳೆಯೂ ಬೇಡ, ಅದರ ಮಸಿ ಮತ್ತು ಆಮ್ಲ ಎರಡೂ ರೇಷ್ಮೆಗೆ ಕೆಡುಕು.

ಎರಡನೆಯದು ಮಡಿಕೆ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಒತ್ತಡ ಬಿದ್ದರೆ ರೇಷ್ಮೆ ಅಲ್ಲಿಯೇ ಕಡಿಯುತ್ತದೆ, ಭಾರದ ಜರಿ ಇರುವಲ್ಲಿ ಇನ್ನೂ ಬೇಗ. ಆರು ತಿಂಗಳಿಗೊಮ್ಮೆಯಾದರೂ ಸೀರೆಯನ್ನು ಪೂರ್ತಿ ಬಿಚ್ಚಿ, ಎರಡು ಗಂಟೆ ನೆರಳಿನಲ್ಲಿ ಗಾಳಿಗೆ ಹರಡಿ, ಮೊದಲಿನ ಗೆರೆಗಳ ಮೇಲೆ ಬೀಳದಂತೆ ಮಡಿಸಬೇಕು. ಒಮ್ಮೆ ನಾಲ್ಕು ಮಡಿಕೆ, ಇನ್ನೊಮ್ಮೆ ಮೂರು ಮಡಿಕೆ ಎಂದು ಬದಲಿಸುತ್ತ ಹೋದರೆ ಗೆರೆಗಳು ತಾವಾಗಿಯೇ ಸ್ಥಳ ಬದಲಿಸುತ್ತವೆ. ಬಿಸಿಲಿಗೆ ಮಾತ್ರ ಹಾಕಬೇಡಿ, ಬಿಸಿಲು ಬಣ್ಣವನ್ನೂ ಎಳೆಯ ಬಲವನ್ನೂ ಒಟ್ಟಿಗೇ ತಿನ್ನುತ್ತದೆ. ಭಾರದ ಜರಿ ಸೀರೆಯನ್ನು ಹ್ಯಾಂಗರಿಗೆ ನೇತುಹಾಕುವುದೂ ಬೇಡ.

ಮೂರನೆಯದು ಗುಳಿಗೆ. ನುಸಿ ಗುಳಿಗೆ ಎಂದರೆ ನ್ಯಾಫ್ತಲೀನ್. ಅದು ಆವಿಯಾಗಿ ಕೆಲಸ ಮಾಡುವುದರಿಂದ ಬಟ್ಟೆಗೆ ತಾಗುವ ಅಗತ್ಯವೇ ಇಲ್ಲ. ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ಖಾನೆಯ ಮೂಲೆಗೆ ತೂಗುಹಾಕಬೇಕು. ಅದರ ಜೊತೆಗೆ ಕರ್ಪೂರವನ್ನು ಇಡಬಾರದು, ಎರಡೂ ಬೆರೆತರೆ ಕರಗಿ ಎಣ್ಣೆಯಂತಾಗಿ ಕಲೆ ಮಾಡುತ್ತವೆ. ಇನ್ನೊಂದು ಮಾತನ್ನು ಬಾಣಂತಿಯರಿರುವ ಮನೆಯವರು ತಪ್ಪದೆ ಗಮನಿಸಬೇಕು. ಹಸುಗೂಸಿನ ಬಟ್ಟೆ, ಹೊದಿಕೆಗಳನ್ನು ನುಸಿ ಗುಳಿಗೆಯೊಡನೆ ಇಡಲೇಬಾರದು. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಆ ಆವಿಯಿಂದ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಬರುವ ಅಪಾಯವಿದೆ. ನಾನು ಈಗ ನೆರಳಿನಲ್ಲಿ ಪೂರ್ತಿ ಒಣಗಿಸಿದ ಬೇವಿನ ಸೊಪ್ಪನ್ನೇ ಬಟ್ಟೆಯ ಚೀಲದಲ್ಲಿ ಹಾಕಿಡುತ್ತೇನೆ. ಸೊಪ್ಪಿನಲ್ಲಿ ಹಸಿ ಉಳಿದಿದ್ದರೆ ಬೂಷ್ಟು ಹಿಡಿಯುತ್ತದೆ, ಎರಡು ತಿಂಗಳಿಗೊಮ್ಮೆ ಬದಲಿಸದಿದ್ದರೆ ಇಟ್ಟೂ ಪ್ರಯೋಜನವಿಲ್ಲ.

ಹುಳುಗಳ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ನುಸಿಯ ಮರಿಗಳು ತಿನ್ನುವುದು ಉಣ್ಣೆ ಮತ್ತು ರೇಷ್ಮೆಯನ್ನು, ಅದರಲ್ಲೂ ಬೆವರು, ಊಟದ ಕಲೆ ಅಂಟಿದ ಜಾಗವನ್ನು. ಸಿಲ್ವರ್‌ಫಿಶ್ ಎನ್ನುವ ಬೆಳ್ಳಿಬಣ್ಣದ ಹುಳುವಿಗೆ ಗಂಜಿಯೆಂದರೆ ಪ್ರಾಣ. ಆದ್ದರಿಂದ ಉಟ್ಟ ರೇಷ್ಮೆಯನ್ನು ಗಾಳಿಗೆ ಹಾಕದೆ ಮಡಿಸಬಾರದು, ಗಂಜಿ ಹಾಕಿದ ಹತ್ತಿ ಸೀರೆಯನ್ನು ತಿಂಗಳುಗಟ್ಟಲೆ ಎತ್ತಿಡಬಾರದು. ಬೇಸಿಗೆ ಮುಗಿದ ಮೇಲೆ ಗಂಜಿ ಸೀರೆಗಳನ್ನು ಬರೀ ನೀರಿನಲ್ಲಿ ಒಗೆದು ಮಡಿಸಿಡಿ, ಮತ್ತೆ ಉಡುವಾಗ ಗಂಜಿ ಹಾಕಿದರಾಯಿತು.

ಮದುವೆಮನೆಯಿಂದ ಬಂದ ರಾತ್ರಿ ಎಷ್ಟೇ ಆಯಾಸವಾಗಿದ್ದರೂ ಪಿನ್ನುಗಳನ್ನು ತೆಗೆದುಬಿಡಿ. ಭುಜದ ನೆರಿಗೆಯಲ್ಲಿ ಮರೆತ ಒಂದು ಪಿನ್ನು ತುಕ್ಕು ಬಿಟ್ಟರೆ ರೇಷ್ಮೆಯಲ್ಲಿ ಆ ಚುಕ್ಕೆ ಶಾಶ್ವತ. ಹತ್ತಿಯ ಬಿಳಿ ಬಟ್ಟೆಯಾದರೆ ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗಿಟ್ಟು ಒಗೆದರೆ ತುಕ್ಕಿನ ಕಲೆ ಬಹುಮಟ್ಟಿಗೆ ಹೋಗುತ್ತದೆ. ರೇಷ್ಮೆಯ ಮೇಲೆ ಈ ಪ್ರಯೋಗ ಮಾಡಬೇಡಿ.

ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆ ಮಾಡುವ ನಮ್ಮ ನೆಂಟರೊಬ್ಬರ ಮನೆಗೆ ಹೋದಾಗ, ಕುದಿಯುವ ನೀರಿನಲ್ಲಿ ಹೊರಳುವ ಗೂಡುಗಳಿಂದ ಕಣ್ಣಿಗೆ ಕಾಣಿಸದಷ್ಟು ಸಣ್ಣ ಎಳೆ ಮೇಲೇಳುವುದನ್ನು ನೋಡಿದ್ದೇನೆ. ಒಂದೊಂದು ಗೂಡಿನಿಂದ ನೂರಾರು ಮೀಟರ್ ಎಳೆ ಬರುತ್ತದೆ. ಬಣ್ಣ ಹಾಕುವ ಮೊದಲು ಆ ಎಳೆಯ ಮೇಲಿನ ಅಂಟನ್ನು ಸೋಪಿನ ಬಿಸಿನೀರಿನಲ್ಲಿ ತೆಗೆದುಬಿಡುತ್ತಾರೆ, ಹೊಳಪು ಬರುವುದು ಆಗಲೇ. ಕಾಪಾಡುವ ಆ ಪದರ ಹೋದ ಮೇಲೆ ಉಳಿಯುವುದು ಬರಿಯ ಪ್ರೋಟೀನಿನ ಎಳೆ. ಅದಕ್ಕೆ ಖಾರವಾದ ಬಟ್ಟೆ ಸೋಪಿನ ಪುಡಿ ಹಾಕಿದರೆ ಏನಾಗುತ್ತದೆಂದು ಅದನ್ನು ಕಣ್ಣಾರೆ ಕಂಡವರಿಗೆ ಹೇಳಬೇಕಾಗಿಲ್ಲ. ಜರಿ ಇಲ್ಲದ ಸಾದಾ ರೇಷ್ಮೆಯನ್ನು ಅಂಟುವಾಳದ ನೊರೆಯಲ್ಲಿ ತಣ್ಣೀರಿನಲ್ಲೇ, ಹಿಂಡದೆ ಒಗೆಯಬಹುದು. ಬಣ್ಣ ಬಿಡುತ್ತದೆಯೇ ಎಂದು ಒಳ ಅಂಚಿನಲ್ಲಿ ಮೊದಲು ಪರೀಕ್ಷಿಸಿ. ಜರಿ ಸೀರೆಗೆ ಡ್ರೈಕ್ಲೀನಿಂಗ್ ಒಳ್ಳೆಯದು, ಆದರೆ ಪ್ರತಿ ಸಲ ಉಟ್ಟಾಗಲೂ ಅಲ್ಲ. ಗಾಳಿಗೆ ಹಾಕಿದರೆ ನಾಲ್ಕೈದು ಸಲ ಉಡಬಹುದು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ನೇಕಾರರ ರೇಷ್ಮೆಯಾಗಲಿ, 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ಸರ್ಕಾರಿ ಕಾರ್ಖಾನೆಯ ಕ್ರೇಪ್ ರೇಷ್ಮೆಯಾಗಲಿ, ಕೇಳುವ ಆರೈಕೆ ಒಂದೇ.

ನಮ್ಮ ನೀರು, ನಮ್ಮ ಧೂಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರೂ ಜಿಲ್ಲೆಗಳಲ್ಲಿ ಬಹುಪಾಲು ಮನೆಗಳ ಬಟ್ಟೆ ಒಗೆತ ಕೊಳವೆಬಾವಿಯ ನೀರಿನಲ್ಲಿ ನಡೆಯುತ್ತದೆ. ಆಳದಿಂದ ಬರುವ ಆ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಕೂಡಿ ಬಿಳಿ ಗಸಿಯಾಗಿ ನೂಲಿನೊಳಗೆ ಕೂರುತ್ತವೆ. ಒಳ್ಳೆಯ ಬಿಳಿ ಅಂಗಿ ಆರು ತಿಂಗಳಲ್ಲಿ ಬೂದಿ ಬಣ್ಣಕ್ಕೆ ತಿರುಗುವುದು, ಟವೆಲ್ಲು ಹಪ್ಪಳದಂತೆ ಬಿರುಸಾಗುವುದು ಇದರಿಂದಲೇ. ಬಾರ್ ಸೋಪಿಗಿಂತ ಡಿಟರ್ಜೆಂಟ್ ದ್ರವ ಗಡಸು ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹತ್ತಿ ಬಟ್ಟೆಯ ಕೊನೆಯ ಜಾಲಾಟದ ಬಕೆಟ್ಟಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿದರೆ ಗಸಿ ಬಿಡುತ್ತದೆ. ನಗರದಲ್ಲಿರುವ ನಮಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿಯ ನೀರು ನಲ್ಲಿಗೆ ಬರುತ್ತದೆ. ಆ ನೀರು ಬಂದ ದಿನವನ್ನು ನಾನು ಬಿಳಿ ಬಟ್ಟೆ ಮತ್ತು ರೇಷ್ಮೆಗೆಂದೇ ಮೀಸಲಿಡುತ್ತೇನೆ. ಹಳ್ಳಿಯ ಮನೆಗಳವರು ಶುದ್ಧವಾಗಿ ಹಿಡಿದಿಟ್ಟ ಮಳೆನೀರನ್ನು ಬಳಸಬಹುದು.

ಧೂಳಿನ ವಿಷಯವನ್ನು ಬಟ್ಟೆ ಆರಿಸುವಾಗಲೇ ಯೋಚಿಸಬೇಕು. ಬಿ.ಎಚ್. ರಸ್ತೆಯಲ್ಲಿ ದಿನವೂ ಸ್ಕೂಟರಿನಲ್ಲಿ ಹೋಗುವವರಿಗೆ ಅಚ್ಚ ಬಿಳಿಯೂ ಕಷ್ಟ, ಅಚ್ಚ ಕಪ್ಪೂ ಕಷ್ಟ. ಇಟ್ಟಿಗೆ, ಕಂದು, ಕೆಂಪುಮಣ್ಣಿನ ಛಾಯೆಗಳು, ಸಣ್ಣ ಅಚ್ಚಿನ ಹತ್ತಿ ಬಟ್ಟೆಗಳು ಸಂಜೆಯವರೆಗೂ ಲಕ್ಷಣವಾಗಿ ಉಳಿಯುತ್ತವೆ. ಬಸ್ಸು, ರೈಲುಗಳಲ್ಲಿ ನಿಂತು ಹೋಗುವವರು ತೆಳು ಜಾರ್ಜೆಟ್‌ಗಿಂತ ಹತ್ತಿ ಮತ್ತು ಪಾಲಿಯೆಸ್ಟರ್ ಬೆರಕೆಯ ಬಟ್ಟೆ ನೋಡಿ, ಅದು ಅಷ್ಟಾಗಿ ಮುದುಡುವುದಿಲ್ಲ. ಮನೆಗೆ ಬಂದೊಡನೆ ಹೊರಗಿನ ಬಟ್ಟೆಯನ್ನು ಬೀರಿಗೆ ಹಾಕಬೇಡಿ. ಇನ್ನೊಮ್ಮೆ ಧರಿಸಬಹುದಾದ ಬಟ್ಟೆಗೆಂದು ಗೋಡೆಗೆ ನಾಲ್ಕು ಕೊಕ್ಕೆ ಹೊಡೆಸಿ. ಕುರ್ಚಿಯ ಮೇಲೆ ಬೆಳೆಯುವ ಬಟ್ಟೆಯ ಗುಡ್ಡ ಅಲ್ಲಿಗೆ ನಿಲ್ಲುತ್ತದೆ.

ಒಡವೆ, ಬಳೆ, ಚಪ್ಪಲಿ, ಚೀಲ

ಒಡವೆಗಳಲ್ಲಿ ಮೂರು ವರ್ಗ ಮಾಡಿಕೊಳ್ಳಿ: ಮೈಮೇಲೆ ಸದಾ ಇರುವವು, ದಿನವೂ ಬದಲಾಗುವವು, ಅಪರೂಪಕ್ಕೆ ಹೊರಬರುವವು. ಮೂರನೆಯವು ಮನೆಯಲ್ಲಿ ಇರಲೇಬೇಕೆಂದಿಲ್ಲ, ಬ್ಯಾಂಕಿನ ಲಾಕರಿನಲ್ಲಿರಲಿ. ಇಡುವ ಮೊದಲು ಪ್ರತಿಯೊಂದರ ಫೋಟೊ ತೆಗೆದು, ತೂಕ ಮತ್ತು ರಸೀದಿಯನ್ನು ಒಂದೇ ಕಡೆ ಬರೆದಿಡಿ. ಹೊಸದಾಗಿ ಕೊಳ್ಳುವ ಚಿನ್ನದಲ್ಲಿ ಶುದ್ಧತೆಯನ್ನು ಖಚಿತಪಡಿಸುವ ಬಿಐಎಸ್ ಗುರುತು (ಹಾಲ್‌ಮಾರ್ಕ್), 22 ಕ್ಯಾರೆಟ್ ಆದರೆ 916 ಎಂಬ ಅಂಕಿ, ಮತ್ತು ಒಂದೊಂದು ಒಡವೆಯನ್ನೂ ಬೇರೆಯಾಗಿ ಗುರುತಿಸುವ ಆರು ಅಕ್ಷರಾಂಕಗಳ ಎಚ್‌ಯುಐಡಿ ಸಂಖ್ಯೆ ಇರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಒಡವೆಗಳನ್ನು ಆ ಸಂಖ್ಯೆಯಿಲ್ಲದೆ ಅಂಗಡಿಯವರು ಮಾರುವಂತಿಲ್ಲ. ಆ ಸಂಖ್ಯೆಯನ್ನೂ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.

ದಿನವೂ ಬದಲಾಗುವವುಗಳಿಗೆ ಒಂದು ಚಪ್ಪಟೆ ಪೆಟ್ಟಿಗೆ ಬೇಕು, ಆಳವಾದದ್ದು ಬೇಡ. ಆಳವಾದ ಡಬ್ಬಕ್ಕೆ ಹಾಕಿದ ಸರಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡು ಬೆಳಗಿನ ಹೊತ್ತು ಬಿಡಿಸಲು ಬರುವುದಿಲ್ಲ. ಓಲೆ, ಜುಮುಕಿಗಳನ್ನು ದಪ್ಪ ರಟ್ಟಿಗೆ ತೂತು ಮಾಡಿ ಜೋಡಿಜೋಡಿಯಾಗಿ ಸಿಕ್ಕಿಸಿ, ತಿರುಪನ್ನು ಹಿಂದೆಯೇ ಬಿಗಿದಿಡಿ. ತಿರುಪು ಕಳೆದ ಓಲೆ ಎಂದರೆ ಓಲೆಯೇ ಕಳೆದಂತೆ. ಬಸ್ಸಿನಲ್ಲಿ ಓಡಾಡುವವರು ಓಲೆಯ ತಿರುಪಿನ ಹಿಂದೆ ರಬ್ಬರಿನಂಥ ಸಣ್ಣ ಬಿಲ್ಲೆಯೊಂದನ್ನು ಹಾಕಿಕೊಂಡರೆ ಕ್ಷೇಮ. ಒಂದು ಗ್ರಾಂ ಚಿನ್ನದ ಲೇಪದ ಒಡವೆಗಳನ್ನು ಧರಿಸಿದ ಮೇಲೆ ಒಣ ಹತ್ತಿಯಿಂದ ಒರೆಸಿ ಒಂದೊಂದನ್ನೂ ಬೇರೆ ಬೇರೆ ಪುಟ್ಟ ಜಿಪ್ ಕವರಿನಲ್ಲಿಡಿ. ಸೆಂಟು, ಪೌಡರು, ತಲೆಗೆ ಎಣ್ಣೆ ಎಲ್ಲ ಮುಗಿದ ಮೇಲೆಯೇ ಒಡವೆ ತೊಡಬೇಕು, ಅದರಲ್ಲೂ ಮುತ್ತಿನ ಸರವನ್ನು ಕಟ್ಟಕಡೆಗೆ ಹಾಕಿ ಮೊಟ್ಟಮೊದಲು ತೆಗೆಯಬೇಕು. ಮುತ್ತಿನ ಮೇಲ್ಮೈ ಬೆವರಿಗೂ ಸೆಂಟಿಗೂ ಮಂಕಾಗುತ್ತದೆ. ಬೆಳ್ಳಿಯ ಕಾಲ್ಗೆಜ್ಜೆ, ಕಾಲುಂಗುರಗಳನ್ನು ಗಾಳಿಯಾಡದ ಡಬ್ಬದಲ್ಲಿ ಒಂದು ತುಂಡು ಸೀಮೆಸುಣ್ಣದೊಡನೆ ಇಟ್ಟರೆ ತೇವ ಹಿಡಿಯುವುದಿಲ್ಲ. ರಬ್ಬರ್ ಬ್ಯಾಂಡಿನಿಂದ ಮಾತ್ರ ಕಟ್ಟಬೇಡಿ, ರಬ್ಬರಿನಲ್ಲಿರುವ ಗಂಧಕವೇ ಬೆಳ್ಳಿಯನ್ನು ಕಪ್ಪು ಮಾಡುತ್ತದೆ.

ಗಾಜಿನ ಬಳೆಗಳಿಗೆ ಗಟ್ಟಿ ಕಾಗದದ ಸುರುಳಿ ಅಥವಾ ಬಿದಿರಿನ ಕೋಲು ಸಾಕು. ಬಣ್ಣದ ಬದಲು ಸೀರೆಯ ಲೆಕ್ಕದಲ್ಲಿ ಜೋಡಿಸಿದರೆ ಹುಡುಕಾಟ ಕಡಿಮೆ.

ಚಪ್ಪಲಿಗಳಲ್ಲಿ ನಾಲ್ಕು ಜೊತೆಗಿಂತ ಹೆಚ್ಚು ಬೇಕಾದವರನ್ನು ನಾನು ಕಂಡಿಲ್ಲ. ಕೆಲಸಕ್ಕೆ ಒಂದು, ಮಳೆಗೆ ಒಂದು, ಸಮಾರಂಭಕ್ಕೆ ಒಂದು, ನಡಿಗೆಗೆ ಬೂಟು ಒಂದು. ದೇವರಾಯನದುರ್ಗದ ಬೆಟ್ಟ ಹತ್ತುವವರಿಗೆ ಬೂಟು ಬೇಕು, ಗೊರವನಹಳ್ಳಿಗೋ ಸಿದ್ಧಗಂಗೆಗೋ ಹೋಗುವಾಗ ಸುಲಭವಾಗಿ ಬಿಚ್ಚಿ ಹಾಕಬಹುದಾದ ಸಾದಾ ಚಪ್ಪಲಿ ಸಾಕು. ಚರ್ಮದ ಚೀಲ, ಬೆಲ್ಟುಗಳನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸದಿದ್ದರೆ ಬೂಷ್ಟು ಹಿಡಿಯುತ್ತದೆ. ಚೀಲದೊಳಗೆ ಹಳೆಯ ಬಟ್ಟೆ ತುರುಕಿಟ್ಟರೆ ಆಕಾರ ಕೆಡುವುದಿಲ್ಲ. ದಿನವೂ ಒಯ್ಯುವ ಪಾಸು, ಗುರುತಿನ ಚೀಟಿ, ಬೀಗದಕೈ, ಕರ್ಚೀಫು, ವಾಚುಗಳಿಗೆ ಬಾಗಿಲ ಬಳಿ ಒಂದು ತಟ್ಟೆ ಇಡಿ. ನಮ್ಮ ಯಜಮಾನರು ರೈಲು ತಪ್ಪಿಸಿಕೊಳ್ಳುವುದು ನಿಂತದ್ದು ಆ ಸ್ಟೀಲ್ ತಟ್ಟೆಯಿಂದ.

ಗಂಡಸರ ಬೀರಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ದಿನಗಳ ಲೆಕ್ಕ ಅವರಿಗೂ ಅದೇ. ರೇಷ್ಮೆ ಪಂಚೆ ಮತ್ತು ಶಲ್ಯವನ್ನು ಮಾತ್ರ ಅಂಗಿಗಳ ನಡುವೆ ತುರುಕದೆ ಸೀರೆಗಳಂತೆಯೇ ಸುತ್ತಿಡಿ. ಬೆಳೆಯುವ ಮಕ್ಕಳಿಗೆ ಮುಂದಿನ ವರ್ಷಕ್ಕಾಗುತ್ತದೆಂದು ದೊಡ್ಡದನ್ನು ಕೊಂಡು ಎತ್ತಿಡುವುದು ಬೇಡ, ನೆನಪಾಗುವ ಹೊತ್ತಿಗೆ ಅದೂ ಚಿಕ್ಕದಾಗಿರುತ್ತದೆ.

ವರ್ಷದ ಸರದಿ

ಭಾನುವಾರ ಸಂಜೆ ಅರ್ಧ ಗಂಟೆ ಮೀಸಲಿಟ್ಟು ಮುಂದಿನ ಐದು ದಿನಗಳ ಬಟ್ಟೆಯನ್ನು ಒಳಗಿನದ್ದೂ ಸೇರಿ ಹ್ಯಾಂಗರುಗಳಲ್ಲಿ ಸಾಲಾಗಿ ತೂಗುಹಾಕಿ, ಗುಂಡಿ, ಕೊಕ್ಕೆಗಳನ್ನು ಆಗಲೇ ನೋಡಿಕೊಳ್ಳಿ. ಬೀರಿನ ಬಾಗಿಲ ಒಳಬದಿಗೆ ಸೂಜಿ, ದಾರ, ಪಿನ್ನುಗಳ ಪುಟ್ಟ ಚೀಲ ತೂಗುಹಾಕಿದ್ದರೆ ಕೆಲಸ ಅಲ್ಲೇ ಮುಗಿಯುತ್ತದೆ.

ರೇಷ್ಮೆಯ ಆರೈಕೆಗೆ ವರ್ಷದಲ್ಲಿ ಎರಡು ಕಾಲ ಒಳ್ಳೆಯದು. ಮೊದಲನೆಯದು ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ. ಮದುವೆಗಳಿಲ್ಲ, ಗಾಳಿ ಒಣಗಿರುತ್ತದೆ, ಬಿಸಿಲು ಮೃದುವಾಗಿರುತ್ತದೆ. ಎರಡನೆಯದು ಮೇ ತಿಂಗಳ ಕೊನೆಯಲ್ಲಿ, ಮಳೆ ಶುರುವಾಗುವ ಮುನ್ನ. ಆಷಾಢದಲ್ಲೂ ಬಿಡುವಿರುತ್ತದೆಂದು ಕೆಲವರು ಆಗ ತೆಗೆಯುತ್ತಾರೆ, ಆದರೆ ಆ ತಿಂಗಳ ಜಡಿಮಳೆಯ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ, ಆದ್ದರಿಂದ ನಾನು ಬೀರನ್ನು ಮುಟ್ಟುವುದಿಲ್ಲ.

ಪ್ರತಿ ಸೀರೆಯ ಸುತ್ತುಬಟ್ಟೆಗೆ ಒಂದು ಚೀಟಿ ಹೊಲಿದು, ಯಾವ ತಿಂಗಳು ಬಿಚ್ಚಿದ್ದು, ಎಷ್ಟು ಮಡಿಕೆ ಮಾಡಿದ್ದು, ಯಾರಿಗಾದರೂ ಉಡಲು ಕೊಟ್ಟಿದ್ದರೆ ಯಾರಿಗೆ ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಅಮ್ಮನ ನೇರಳೆ ಸೀರೆಯ ಹರಿದ ಭಾಗವನ್ನು ಬಿಟ್ಟು, ಸೆರಗಿನ ಗಟ್ಟಿ ಉಳಿದ ಒಂದೂವರೆ ಮೀಟರಿನಲ್ಲಿ ಮಗಳಿಗೆ ಲಂಗ ಹೊಲಿಸಿದ್ದೇನೆ. ಅದರ ಚೀಟಿಯಲ್ಲಿ ಈಗ ಮೂರು ಮಡಿಕೆ, ಧನುರ್ಮಾಸ ಎಂದು ಬರೆದಿದೆ.